ಗವರ್ನರ್ ಸಾಹೇಬರು ನಡುಗಡ್ಡೆಗೆ ಹೋದ ದಿನ

ಲಂಡನ್ನಿನ ಕ್ವೀನ್ಸ್‌ಬರಿಯಲ್ಲಿರುವ ತಂಗಿಯ ಮನೆಯಿಂದ ನಾವು ಹೊರಟಾಗ ಬೆಳಿಗ್ಗೆ ಎಂಟಾಗಿತ್ತು. ತಂಗಿ ಸುಮಾಳ ಒಂದು ಕೈಯಲ್ಲಿ ಖಡಕ್ ರೊಟ್ಟಿಯ ಗಂಟು, ಇನ್ನೊಂದರಲ್ಲಿ ಶೇಂಗಾ ಚಟ್ನಿಯ ಡಬ್ಬಿ. ಅವಳ ಗಂಡ ಶ್ರೀಪಾದ ಕೆಂಪು ಉಣ್ಣೆಯ ಕೋಟು ತೊಟ್ಟು, ಬಿಳಿ ಗರಿಯ ಟೋಪಿ ಇಟ್ಟು, ಸೊಂಟಕ್ಕೆ ರಟ್ಟಿನ ಕತ್ತಿ ಕಟ್ಟಿಕೊಂಡು ಮುಂದೆ ನಡೆದಿದ್ದರು. ಧಾರವಾಡದಿಂದ ಲಂಡನ್ನಿಗೆ ಬಂದವರೆಲ್ಲ ಅರಮನೆ ನೋಡುತ್ತಾರೆ, ಸೇತುವೆ ನೋಡುತ್ತಾರೆ. ನನ್ನ ಹಣೆಯಲ್ಲಿ ಬರೆದದ್ದು ಗವರ್ನರ್ ಸಾಹೇಬರ ಹಿಂದೆ ನೀರಿನ ಬಾಟಲಿ ಹೊತ್ತು ನಡೆಯುವುದು.

ವಿಷಯ ಇಷ್ಟು. ಅಲ್ಲಿಯ ಕನ್ನಡದವರ ಗುಂಪೊಂದು ವರ್ಷಕ್ಕೊಂದು ನಾಟಕ ಆಡುತ್ತದೆ. ಕೌನ್ಸಿಲ್ಲಿನಲ್ಲಿ, ಎಂದರೆ ಅಲ್ಲಿಯ ನಗರಸಭೆಯಲ್ಲಿ, ನೌಕರಿ ಮಾಡುವ ಶ್ರೀಪಾದ ಹನ್ನೆರಡು ವರ್ಷ ಅದರಲ್ಲಿ ಈಟಿ ಹಿಡಿದು ಬಾಗಿಲಲ್ಲಿ ನಿಂತವರು. ಒಂದು ಮಾತಿಲ್ಲ, ಕತೆಯಿಲ್ಲ. ಯಾರೂ ಮಾತು ಕೊಡುವುದಿಲ್ಲವೆಂದ ಮೇಲೆ ತಾವೇ ಒಂದು ನಾಟಕ ಬರೆದುಕೊಂಡರು. ಒಂದು ನಡುಗಡ್ಡೆ, ಅದನ್ನು ಆಳಲು ಬಂದ ಇಂಗ್ಲಿಷ್ ಗವರ್ನರ್, ಅವನ ಮಾತಿಗೆ ಕವಡೆ ಕಿಮ್ಮತ್ತು ಕೊಡದ ಜನ. ಕೊನೆಗೆ ಜನ ಅವನನ್ನು ದೋಣಿ ಹತ್ತಿಸಿ ಅಟ್ಟುತ್ತಾರೆ, ದೋಣಿಯ ಮೇಲೆ ನಿಂತು ಅವನು ದೊಡ್ಡ ಭಾಷಣ ಮಾಡುತ್ತಾನೆ. ಗವರ್ನರ್ ಪಾತ್ರ ಶ್ರೀಪಾದರದೇ, ಆ ಭಾಷಣಕ್ಕೋಸ್ಕರವೇ ನಾಟಕ. ನಿಜವಾದ ನಡುಗಡ್ಡೆಯಲ್ಲೇ ಆಡೋಣವೆಂದು ಥೇಮ್ಸ್ ನದಿಯ ಒಂದು ಪುಟ್ಟ ದ್ವೀಪವನ್ನು ಸಂಜೆ ಐದರವರೆಗೆ ಬಾಡಿಗೆಗೆ ಹಿಡಿದಿದ್ದರು.

ಅದು ಎರಡು ಸಾವಿರದ ಮೂರರ ಆಗಸ್ಟ್. ಆ ವರ್ಷ ಲಂಡನ್ನಿಗೆ ನಮ್ಮ ರಾಯಚೂರಿನ ಬಿಸಿಲು ಬಂದಿತ್ತು. ನೆಲದಡಿ ಓಡುವ ಜುಬಿಲಿ ಲೈನಿನ ಟ್ಯೂಬ್ ರೈಲಿನಲ್ಲಿ ಶ್ರೀಪಾದರ ಮುಖ ಕೋಟಿನ ಬಣ್ಣಕ್ಕೇ ತಿರುಗಿತು. ಟೋಪಿಯ ಗರಿ ಪಕ್ಕದ ಮುದುಕನ ಕಿವಿಯೊಳಗೆ ಹೋಗಿ ಬಂದು ಮಾಡುತ್ತಿತ್ತು. ಆ ಪುಣ್ಯಾತ್ಮ ಮಾತ್ರ ಪೇಪರಿನಿಂದ ಮುಖ ಎತ್ತಲಿಲ್ಲ. ಹುಬ್ಬಳ್ಳಿ ಬಸ್ಸಿನಲ್ಲಾಗಿದ್ದರೆ ಇಷ್ಟೊತ್ತಿಗೆ ಯಾವ ಕಂಪನಿ ನಾಟಕ, ಎಷ್ಟು ಪಗಾರ, ಎಲ್ಲ ವಿಚಾರಣೆ ಮುಗಿಯುತ್ತಿತ್ತು. ವಾಟರ್‌ಲೂನಲ್ಲಿ ಇಳಿದು ರೈಲು ಬದಲಿಸಿ ಕಿಂಗ್‌ಸ್ಟನ್ ತಲುಪಿದೆವು. ಅಲ್ಲಿಂದ ನದಿಯ ದಂಡೆಗೆ ಸ್ವಲ್ಪ ನಡಿಗೆ.

ದೋಣಿ ಚಿಕ್ಕದು. ಜನ, ಪಾತ್ರೆ, ಮೈಕು, ದೀಪದ ಕಂಬ ಎಲ್ಲ ದಾಟುವುದಕ್ಕೆ ನಾಲ್ಕು ಸರ್ತಿ ಹೋಗಿಬರಬೇಕಾಯಿತು. ದೋಣಿಯವನು ಮಿತಭಾಷಿ ಬಿಳಿಯ. ಐದಕ್ಕೆ ಜಾಗ ಖಾಲಿಯಾಗಬೇಕು ಎಂದಷ್ಟೇ ಹೇಳಿದ. ನಡುಗಡ್ಡೆಯಲ್ಲಿ ಹುಲ್ಲು, ನಾಲ್ಕು ಮರ, ಒಂದು ಶೆಡ್ಡು. ಹನ್ನೊಂದಕ್ಕೆ ಪರದೆ ಏಳಬೇಕೆಂದು ಶ್ರೀಪಾದರ ಯೋಜನೆ.

ಆದರೆ ನಮ್ಮವರು ಕಾರ್ಯಕ್ರಮ ಮಾಡದೆ ನಾಟಕ ಆಡುತ್ತಾರೆಯೇ? ಮೊದಲು ಪ್ರಾರ್ಥನೆ. ಆಮೇಲೆ ದೀಪ ಬೆಳಗುವುದು. ಹೊಳೆಯ ಗಾಳಿಗೆ ದೀಪ ನಿಲ್ಲಲೊಲ್ಲದು. ಸುತ್ತ ಕೊಡೆ ಹಿಡಿದದ್ದಾಯಿತು, ಸೀರೆಯ ಸೆರಗು ಅಡ್ಡ ಹಿಡಿದದ್ದಾಯಿತು, ಕೊನೆಗೆ ಶೆಡ್ಡಿನೊಳಗೆ ಹಚ್ಚಿ ಎಲ್ಲರೂ ಸಾಲಾಗಿ ಹೋಗಿ ನೋಡಿಬಂದದ್ದಾಯಿತು. ಮುಂದೆ ಸ್ವಾಗತ ಭಾಷಣ. ಗುಂಪಿನ ಅಧ್ಯಕ್ಷ ನಾಗರಾಜ್ ಬೆಂಗಳೂರಿನವನು, ಕ್ಯಾನರಿ ವಾರ್ಫಿನ ಬ್ಯಾಂಕಿನಲ್ಲಿ ಕಂಪ್ಯೂಟರ್ ಕೆಲಸ. ನಾಟಕದಲ್ಲಿ ಬಂಡಾಯದ ನಾಯಕನೂ ಅವನೇ. ಮೈಕು ಕೈಗೆ ಬಂದರೆ ಬಿಡುವ ಜಾಯಮಾನ ಅವನದಲ್ಲ. ಅತಿಥಿಗಳಿಗೆ ಶಾಲು, ಅತಿಥಿಗಳ ಪತ್ನಿಗೆ ಶಾಲು, ಹಿಂದಿನ ಅಧ್ಯಕ್ಷರೆಲ್ಲರಿಗೂ ಶಾಲು. ಆ ಬಿಸಿಲಿನಲ್ಲಿ ಶಾಲು ಹೊದ್ದ ಪ್ರತಿಯೊಬ್ಬರೂ ಎರಡು ಮಾತು ಆಡಿದರು. ಎರಡು ಮಾತೆಂದರೆ ನಮ್ಮಲ್ಲಿ ಎಷ್ಟು ಹೊತ್ತೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಮಧ್ಯಾಹ್ನ ಒಂದು ಗಂಟೆಯಾಯಿತು. ಶ್ರೀಪಾದರಿಗೆ ತಡೆಯಲಾಗಲಿಲ್ಲ. ಕತ್ತಿ ಹಿರಿದು ನಡುವೆ ಬಂದು, ಎಲ್ಲರೂ ಬಾಯಿ ಮುಚ್ಚಿ ಕೂಡಬೇಕು ಎಂದು ಗುಡುಗಿದರು. ಜನ ಚಪ್ಪಾಳೆ ತಟ್ಟಿದರು. ಏನು ಅಭಿನಯ, ಏನು ಕಂಠ ಎಂದು ಹೊಗಳಿದರು. ಕೂತವರು ಮಾತ್ರ ಒಬ್ಬರೂ ಇಲ್ಲ. ಅವರು ಮತ್ತೆ ಕೂಗಿದರು, ಮತ್ತೆ ಚಪ್ಪಾಳೆ. ನಾಗರಾಜ್ ಓಡಿಬಂದು, "ಸೂಪರ್ ಸಾರ್, ಎರಡೇ ನಿಮಿಷ" ಎಂದು ಆ ಉಣ್ಣೆಯ ಕೋಟಿನ ಮೇಲೆ ಅವರಿಗೂ ಒಂದು ಶಾಲು ಹೊದಿಸಿದ.

ಊಟದಲ್ಲಿ ಇನ್ನೊಂದು ರಾಮಾಯಣ. ಮೊದಲು ಬಿಸಿಬೇಳೆ ಭಾತ್ ಬಡಿಸಬೇಕೆಂದು ಬೆಂಗಳೂರಿನವರು, ರೊಟ್ಟಿ ಇಲ್ಲದೆ ಅನ್ನಕ್ಕೆ ಕೈ ಹಚ್ಚುವುದು ಯಾವ ಊರಿನ ಪದ್ಧತಿ ಎಂದು ನಮ್ಮ ಕಡೆಯವರು. ಗವರ್ನರ್ ಸಾಹೇಬರು ಎರಡೂ ಒಟ್ಟಿಗೆ ಬಡಿಸಿರೆಂದು ಆಜ್ಞೆ ಹೊರಡಿಸಿದರು. ಯಾರು ಕೇಳಬೇಕು? ವಿಜಾಪುರದ ಇಂದೂಬಾಯಿಗೆ ಎಂಬತ್ತು ದಾಟಿದೆ, ಮಗನ ಮನೆ ಸೌತ್‌ಹಾಲಿನಲ್ಲಿ. ಪಂಕ್ತಿಯ ತುದಿಯಿಂದ ಆಕೆ, ಗವರ್ನರನಿಗೆ ತಲೆಗೆ ಬಿಸಿಲು ಏರಿದೆ, ಅವನಿಗೆ ಮೊದಲು ಮಜ್ಜಿಗೆ ಕೊಡಿರಿ ಎಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಆದರೆ ಶ್ರೀಪಾದ ಒಂದು ರೊಟ್ಟಿಯನ್ನೂ ಪೂರ್ತಿ ತಿನ್ನಲಿಲ್ಲ.

ಊಟದ ಮೇಲೆ ಮತ್ತೆ ಭಾಷಣಗಳು, ನಾಟಕಕ್ಕೆ ಸರದಿ ಬರಲೇ ಇಲ್ಲ. ವಂದನಾರ್ಪಣೆ ಮುಗಿದಾಗ ನಾಲ್ಕೂವರೆ. ದೋಣಿಯವನು ಆಗಲೇ ಬಂದು ನಿಂತಿದ್ದ. ಮೊದಲ ಸರ್ತಿಗೆಂದು ಖಾಲಿ ಪಾತ್ರೆಗಳನ್ನೂ ಇಬ್ಬರು ಹೆಂಗಸರನ್ನೂ ಹತ್ತಿಸಿಯೂ ಆಗಿತ್ತು. ಶ್ರೀಪಾದ ಹೆಂಡತಿಯ ಪಕ್ಕ ಬಂದು ನಿಂತು ಮೆಲ್ಲಗೆ, "ಸುಮಾ, ಕಡೀ ಸೀನ್ ಒಂದರ ಆಡ್ತೀನಿ. ಭಾಷಣ ಒಂದರ" ಎಂದರು. ಅವಳು ಹೂಂ ಎಂದಳು. ಅವಳ ಕಣ್ಣು ತುಂಬಿತ್ತು.

ನಾಟಕದಲ್ಲಿ ಜನರೆಲ್ಲ ಮುಷ್ಟಿ ಎತ್ತಿ ತೊಲಗು, ತೊಲಗು ಎಂದು ಕೂಗಬೇಕು. ಗವರ್ನರ್ ಸಾಹೇಬರು ದೋಣಿ ಹತ್ತಿ, ಪಾತ್ರೆಗಳ ನಡುವೆ ಎದೆ ಸೆಟೆಸಿ ನಿಂತು ಭಾಷಣ ಶುರು ಮಾಡಿದರು. ಒಂದು ವಾಕ್ಯವೂ ಮುಗಿದಿರಲಿಕ್ಕಿಲ್ಲ. ದೋಣಿಯವನು ಗಡಿಯಾರ ನೋಡಿದ, ಎಂಜಿನ್ ಹಚ್ಚಿದ. ಅವನಿಗೇನು ಗೊತ್ತು ಪಾಪ. ದೋಣಿ ಹೊರಟೇಬಿಟ್ಟಿತು. ಶ್ರೀಪಾದ ಮಾತು ನಿಲ್ಲಿಸಲಿಲ್ಲ, ಕೈ ಬೀಸಿ ಬೀಸಿ ಹೇಳುತ್ತಲೇ ಹೋದರು. ಎಂಜಿನ್ನಿನ ಸದ್ದಿನಲ್ಲಿ ನಮಗೆ ಕಂಡದ್ದು ಅವರ ಬಾಯಿ ಮಾತ್ರ.

ನಾಗರಾಜ್ ಮುಷ್ಟಿ ಎತ್ತಿ ತೊಲಗು ಎಂದ. ಅವನ ಜೊತೆ ಯಾರೂ ದನಿಗೂಡಿಸಲಿಲ್ಲ. ಮನುಷ್ಯ ದೋಣಿಯಲ್ಲಿ ದೂರ ಹೋಗುತ್ತಿದ್ದಾನೆ, ಹಾಗೆಂದರೆ ಹೇಗೆ? ನಮ್ಮ ಮನೆಯಿಂದ ಕಳ್ಳ ಹೊರಟರೂ ಬರೀ ಹೋಗು ಎನ್ನಲು ನಮಗೆ ಬಾಯಿ ಬರುವುದಿಲ್ಲ. ಇಂದೂಬಾಯಿ ಕೈ ಎತ್ತಿ, "ಹೋಗಿ ಬಾರಪ್ಪಾ" ಎಂದರು. ಅಷ್ಟೇ ಸಾಕಾಯಿತು. ಬಂಡಾಯದ ಜನರೆಲ್ಲ ಮುಷ್ಟಿ ಬಿಚ್ಚಿ ಕೈ ಬೀಸತೊಡಗಿದರು. ಹೋಗಿ ಬರ್ರಿ, ಹೋಗಿ ಬನ್ನಿ, ಸಾವಕಾಶ ಹೋಗಿ ಬರ್ರಿ. ನಾನೂ ಕೂಗಿದೆ. ಎಂಜಿನ್ ಒಂದು ಗಳಿಗೆ ಉಸಿರು ಹಿಡಿಯಿತು. ಭಾಷಣದ ನಡುವೆಯೇ ಶ್ರೀಪಾದ ಕೈ ಮುಗಿದು, "ಬರ್ತೀನ್ರಿ!" ಎಂದರು.

ಆಚೆ ದಂಡೆಯಲ್ಲಿ ಪಾತ್ರೆ ಇಳಿಸಲು ಕೈ ಹಚ್ಚಿ, ಉಳಿದವರಿಗಾಗಿ ತಿರುಗಿದ ಅದೇ ದೋಣಿಯಲ್ಲಿ ಗವರ್ನರ್ ಸಾಹೇಬರು ವಾಪಸ್ ಬಂದರು. ನಡುಗಡ್ಡೆಯ ಸ್ವಾತಂತ್ರ್ಯ ಅಷ್ಟೇ ಹೊತ್ತು ಬಾಳಿತು. ಇಳಿದವರೇ ಸೀದಾ ನನ್ನ ಹತ್ತಿರ ಬಂದು, "ಅಕ್ಕಾರ, ಮಾತು ಕೇಳಿಸ್ತೇನ್ರಿ?" ಎಂದು ಕೇಳಿದರು.

ಸುಳ್ಳು ಹೇಳಬಹುದಿತ್ತು. ಆದರೆ ಆ ಮುಖ ನೋಡಿ ಹೇಳಲಾಗಲಿಲ್ಲ. ಬರ್ತೀನ್ರಿ ಎಂದದ್ದೊಂದು ಕೇಳಿಸಿತು ಎಂದೆ.

"ಅದು ನಾ ಬರದದ್ದಲ್ರಿ" ಎಂದರು ಶ್ರೀಪಾದ. ದನಿ ಸೋತಿತ್ತು. "ಹನ್ನೆರಡು ವರ್ಷ ಕಾದು, ಕಡೀಗೆ ಅದೊಂದ ಮಾತೇನ್ರಿ?"

ಕುರ್ಚಿಯಲ್ಲಿ ಕೂತಿದ್ದ ಇಂದೂಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ತಮ್ಮಾ, ವಿಜಾಪುರ ಬಿಡೂಮುಂದ ನಾನೂ ನಮ್ಮವ್ವಗ ಅದೊಂದ ಮಾತು ಅಂದು ಬಂದೆ. ನಿನ್ನ ದೋಣಿ ತಿರುಗಿ ಬಂತು. ನಂದು ಬರಲಿಲ್ಲ ನೋಡು."

ನಾಗರಾಜ್ ಮೈಕು ಕೆಳಗಿಟ್ಟ. ಗವರ್ನರ್ ಸಾಹೇಬರು ಟೋಪಿ ತೆಗೆದು ಹುಲ್ಲಿನ ಮೇಲಿಟ್ಟರು, ಬಗ್ಗಿ ಆ ಮುದುಕಿಯ ಪಾದ ಮುಟ್ಟಿದರು.