ನಂಜಿನ ಪಟ್ಟಿ

ಬೆಸಗರಹಳ್ಳಿ ಕಡೆಯ ಆ ಶಾಲೆಯ ಬಿಸಿಯೂಟದ ಸಾಂಬಾರಿಗೆ ಮೂರು ವರ್ಷದಿಂದ ಬದನೆಕಾಯಿ ಬಿದ್ದಿರಲಿಲ್ಲ. ಮೇಷ್ಟ್ರು ಕೇಳಿದರೂ ಇಲ್ಲ, ಮಕ್ಕಳು ಕೇಳಿದರೂ ಇಲ್ಲ. ಮುಖ್ಯ ಅಡುಗೆಯವಳಾದ ದೇವಿರಮ್ಮನಿಗೆ ಬದನೆಕಾಯಿ ನಂಜು. ಅವಳಿಗೆ ಆಗದ್ದು ಊರಿಗೇ ಆಗಬಾರದು, ಅಷ್ಟೆ.

ಅವಳ ಕೈಕೆಳಗೆ ತರಕಾರಿ ಹೆಚ್ಚುತ್ತಿದ್ದ ಸೌಮ್ಯಳಿಗೆ ಆ ಬಾಯಿ ಕಂಡರೆ ಹೆದರಿಕೆ, ಆ ಹೆಂಗಸನ್ನು ಕಂಡರೆ ಪ್ರೀತಿ. ಇನ್ನೂರು ಮಕ್ಕಳ ಅನ್ನ ಬಸಿದು ಬಸಿದು ದೇವಿರಮ್ಮನ ತೋಳು ಸೋತುಹೋಗಿತ್ತು. ನೋವು ಹೆಚ್ಚಾದ ದಿನ ಎಲೆಅಡಿಕೆ ಚೀಲದಿಂದ ಅಂಗಡಿಯ ನೋವಿನ ಮಾತ್ರೆ ತೆಗೆದು, ನೀರೂ ಇಲ್ಲದೆ ನುಂಗಿ, ಮತ್ತೆ ಸೌಟು ಹಿಡಿಯುತ್ತಿದ್ದಳು.

ಮೊದಲ ಸಲ ಮೈತುಂಬ ಕೆಂಪಗೆ ಗಂದೆ ಎದ್ದಾಗ ಊಟಕ್ಕೆ ಬದನೆಕಾಯಿ ಪಲ್ಯ ಇತ್ತು. ನಂಜು ಅಂತ ತೀರ್ಮಾನವಾಯಿತು. ಗಂಡ ನಾಗರಾಜು ಕಂಬಳಿ ಹೊದಿಸಿ ಮೈ ಉಜ್ಜಿದ, ಸಂಜೆಗೆ ಇಳಿಯಿತು. ಎರಡನೇ ಸಲ ಸಿಕ್ಕಿಬಿದ್ದದ್ದು ಒಣಮೀನು. ಆಮೇಲೆ ಕಡಲೆಕಾಯಿ, ಆಮೇಲೆ ಹಲಸಿನಹಣ್ಣು. ದೇವಿರಮ್ಮ ಒಂದೊಂದನ್ನೇ ಬಿಟ್ಟಳು. ಬಿಡದೆ ಉಳಿದದ್ದು ಮಾತ್ರೆ ಒಂದೇ. ಆದರೂ ಗಂದೆ ಬರುಬರುತ್ತಾ ಬೇಗ ಏಳತೊಡಗಿತು. ಹೋದ ತಿಂಗಳಂತೂ ತುಟಿ ಊದಿ, ಕಣ್ಣೇ ಮುಚ್ಚಿಹೋಗಿತ್ತು.

ಸೌಮ್ಯಳಿಗೆ ಅವತ್ತು ಥಟ್ಟನೆ ಹೊಳೆಯಿತು.

"ಅಕ್ಕೋ, ಮಾತ್ರೆ ನುಂಗ್ದಾಗ್ಲೆ ಅಲ್ವಾ ಇದು ಬರೋದು?"

"ನೋವು ತೆಗೆಯೋ ಮಾತ್ರೆ ನಂಜಾಯ್ತದಾ? ದೊಡ್ಡ ಡಾಕ್ಟ್ರು ಬಂದ್ಲು ಕಣಮ್ಮ ಇಲ್ಲಿ! ಓಗು, ಈರುಳ್ಳಿ ಎಚ್ಚೋಗು."

ಸೌಮ್ಯ ಈರುಳ್ಳಿ ಹೆಚ್ಚಿದಳು. ಅಂದಿನಿಂದ ದೇವಿರಮ್ಮ ಚೀಲಕ್ಕೆ ಕೈ ಹಾಕಿದರೆ ಸಾಕು, ಸೌಮ್ಯ ಹೆಚ್ಚುವುದನ್ನು ಬಿಟ್ಟು ಆ ಮುಖವನ್ನೇ ನೋಡುತ್ತಿದ್ದಳು.

ಒಂದು ಸೋಮವಾರ ಅನ್ನದ ಪಾತ್ರೆ ಎತ್ತುವಾಗ ದೇವಿರಮ್ಮನ ಸೊಂಟ ಹಿಡಿದುಕೊಂಡಿತು. ಸೌಮ್ಯಳೇ ಆಟೋದಲ್ಲಿ ಕೂರಿಸಿಕೊಂಡು ಮದ್ದೂರಿನ ಕ್ಲಿನಿಕ್ಕೊಂದಕ್ಕೆ ಕರೆದೊಯ್ದಳು. ಡಾಕ್ಟರು ನೋಡಿ, ನೋವಿಗೆ ಇಂಜೆಕ್ಷನ್ ಕೊಡುತ್ತೇನೆ ಎಂದರು. ಕೇಳಬೇಕಾದದ್ದನ್ನು ಕೇಳಿದರು ಕೂಡ.

"ನಿಮಗೆ ಏನಾದ್ರೂ ಆಗಲ್ವಾ ಅಮ್ಮ? ಅಲರ್ಜಿ?"

"ಊ ಕಣಪ್ಪ. ಬದ್ನೆಕಾಯಿ, ಒಣಮೀನು, ಕಳ್ಳೆಕಾಯಿ, ಅಲಸ್ನಣ್ಣು." ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸಿದಳು.

"ಅದಲ್ಲಮ್ಮ, ಔಷಧಿ, ಮಾತ್ರೆ?"

"ಅಯ್ಯೋ, ಔಸ್ದಿ ಯಾರ್ಗಾದ್ರೂ ನಂಜಾಯ್ತದಾ ಸ್ವಾಮಿ?"

ಸೌಮ್ಯ ಬಾಯಿ ತೆರೆದಳು. ದೇವಿರಮ್ಮ ತಿರುಗಿ ನೋಡಿದಳು. ಈರುಳ್ಳಿ ಹೆಚ್ಚಲು ಕಳಿಸಿದ ಅದೇ ನೋಟ. ಸೌಮ್ಯ ಬಾಯಿ ಮುಚ್ಚಿಕೊಂಡಳು. ಹೊರಗೆ ಇನ್ನೂ ಹತ್ತು ಜನ ಕಾದಿದ್ದರು. ಡಾಕ್ಟರು ಚೀಟಿ ಬರೆದರು.

ಪಕ್ಕದ ಕೋಣೆಯಲ್ಲಿ ನರ್ಸು ಸೂಜಿ ಚುಚ್ಚಿ ಎರಡು ನಿಮಿಷವಾಗಿರಲಿಲ್ಲ, ದೇವಿರಮ್ಮ ಅಂಗೈ ಕೆರೆದುಕೊಳ್ಳತೊಡಗಿದಳು. ಕುತ್ತಿಗೆ ಕೆಂಪಾಯಿತು, ತುಟಿ ದಪ್ಪಗಾಯಿತು, ಉಸಿರು ಗೊರಗೊರ ಎಂದಿತು.

"ಸೂಜಿನೇ ಸಾರ್! ಮಾತ್ರೆ ನುಂಗಿದ್ರೂ ಇಂಗೇ ಆಯ್ತಿತ್ತು!" ಸೌಮ್ಯ ಕಿರುಚಿದಳು.

ಡಾಕ್ಟರು ಓಡಿಬಂದು ಇನ್ನೊಂದು ಇಂಜೆಕ್ಷನ್ ಕೊಟ್ಟರು, ಮಂಡ್ಯಕ್ಕೆ ಸಾಗಿಸಲು ಆಂಬುಲೆನ್ಸ್ ಕರೆಸಿದರು. ದಾರಿಯಲ್ಲಿ ದೇವಿರಮ್ಮ ಸೌಮ್ಯಳ ಕೈ ಹಿಡಿದು, ಏನೋ ತಪ್ಪು ಮಾಡಿದವಳಂತೆ ಹೇಳಿದಳು: "ಬದ್ನೆಕಾಯಿ ತಿಂದಿಲ್ಲ ಕಣೆ ನಾನು." ಮಂಡ್ಯ ಮುಟ್ಟುವಷ್ಟರಲ್ಲಿ ಆ ಕೈ ಸಡಿಲವಾಗಿತ್ತು.

ಮರುದಿನ ಮನೆ ಮುಂದೆ ಜನ ಸೇರಿದ್ದರು. ನಾಗರಾಜು ಆ ಕಂಬಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಸೌಮ್ಯಳನ್ನು ಕಂಡು ತಲೆ ಎತ್ತಿದ.

"ಏನ್ ತಿಂದಿದ್ಲವ್ವ ಅವ್ಳು?"

ಅವಳನ್ನು ಸುಮ್ಮನಿರಿಸುವ ನೋಟ ಈಗ ಅಲ್ಲಿರಲಿಲ್ಲ.

"ಏನೂ ತಿಂದಿರ್ನಿಲ್ಲ ಕಣಣ್ಣ," ಎಂದಳು ಸೌಮ್ಯ. "ಔಸ್ದಿನೇ ಆಗ್ತಿರ್ನಿಲ್ಲ. ನಂಗೆ ಗೊತ್ತಿತ್ತು. ಅಲ್ಲೇ ನಿಂತಿದ್ದೆ, ಡಾಕ್ಟ್ರಿಗೆ ಏಳ್ನಿಲ್ಲ."