ಹಾಲಿನ ಪುಡಿಯ ಹರಾಜು

ಮಾನ್ಯ ಓದುಗರಲ್ಲಿ ಸವಿನಯ ಅರಿಕೆ. ಈ ಅಂಕಣದ ಜಾಗ ಈ ವಾರ ನನ್ನ ಪಾಲಿಗೆ ಬಂದಿದೆ. ಶಾಲೆ ಬಿಟ್ಟ ಮೇಲೆ ನಾನು ಕನ್ನಡದಲ್ಲಿ ಬರೆದಿರುವುದು ಅರ್ಜಿಗಳನ್ನು ಮಾತ್ರ. ಆದಕಾರಣ ಕಾಗುಣಿತದ ದೋಷಗಳನ್ನು ತಾವೂ, ನನ್ನ ಕೆಟ್ಟ ಅಕ್ಷರವನ್ನು ಟೈಪ್ ಮಾಡುವವರೂ ಮನ್ನಿಸಬೇಕಾಗಿ ಪ್ರಾರ್ಥನೆ.

ವಿಷಯ: ಕಳೆದ ಭಾನುವಾರ ಬರ್ಮಿಂಗ್‌ಹ್ಯಾಮಿನಲ್ಲಿ ನಾವು ಒಂದು ಕೂಸಿನ ಹಾಲಿನ ಪುಡಿಯನ್ನು ಹರಾಜು ಹಾಕಿದೆವು.

ನಾವು ಎಂದರೆ ಎಜ್‌ಬಾಸ್ಟನ್ನಿನ ಸುತ್ತಲಿನ ಕೆಲವು ಕನ್ನಡ ಕ್ರೈಸ್ತ ಕುಟುಂಬಗಳು. ನಮ್ಮ ಮುತ್ತಜ್ಜಂದಿರಿಗೆ ಸುವಾರ್ತೆ ತಂದವರು ಹಡಗು ಹತ್ತಿ ಬಂದ ಬಿಳಿಯ ಮಿಷನರಿಗಳು. ಈಗ ಬಿಳಿಯರ ಚರ್ಚುಗಳೇ ಖಾಲಿ. "ಮಿಷನ್ ಮಾಡುವ ಸರದಿ ಇನ್ನು ನಮ್ಮದು" ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. (ಹೆಮ್ಮೆ ಎಂದು ಬರೆಯಲು ಇಂದು ಕೈ ಬರುತ್ತಿಲ್ಲ.)

ಅಂದು ಇಂಗ್ಲಿಷ್ ಸಭೆಯವರೊಂದಿಗೆ ಕೂಡಿ ಸುಗ್ಗಿಯ ಹಬ್ಬ. ಧಾರವಾಡದ ಕಡೆ ನಮ್ಮ ಪದ್ಧತಿ ತಮಗೆ ತಿಳಿದಿರಲಿಕ್ಕಿಲ್ಲ. ಮೊದಲ ಫಲವನ್ನು ದೇವರ ಮುಂದಿಟ್ಟು, ಆರಾಧನೆ ಮುಗಿದೊಡನೆ ಹರಾಜು ಹಾಕಿ, ಬಂದ ಹಣವನ್ನು ಮಿಷನ್ ನಿಧಿಗೆ ಸೇರಿಸುತ್ತೇವೆ. ನಮ್ಮ ಕುಂಬಳಕಾಯಿಯ ಪಕ್ಕದಲ್ಲಿ ಇಂಗ್ಲಿಷಿನವರು ಬೀನ್ಸ್ ಡಬ್ಬಿ, ಪಾಸ್ತಾ, ಹಾಲಿನ ಪುಡಿ ಇಟ್ಟಿದ್ದರು. ಅವು ಇಲ್ಲದವರಿಗೆ ಉಚಿತವಾಗಿ ಹಂಚಲು ತಂದವು ಎಂದು ಆರಂಭದಲ್ಲೇ ಪ್ರಕಟಿಸಿದ್ದರಂತೆ. ನಾವು ಎಂದಿನಂತೆ ತಡವಾಗಿ ಬಂದಿದ್ದೆವು.

ವಿಕರ್ ಅಮ್ಮನವರು (ಇಲ್ಲಿ ಪಾದ್ರಿಯವರಿಗೆ ಹಾಗೆನ್ನುತ್ತಾರೆ) ಆರಾಧನೆ ಮುಗಿಸಿ, ಇಂಗ್ಲಿಷಿನವರೊಡನೆ ಚಹಾ ಸಿದ್ಧಪಡಿಸಲು ಪಕ್ಕದ ಹಾಲ್‌ಗೆ ಹೋದರು. ನಿವೃತ್ತ ವೈದ್ಯ ಸ್ಯಾಮ್ ಅಂಕಲ್ ಹಾಲಿನ ಪುಡಿಯ ಡಬ್ಬಿ ಎತ್ತಿ ಹಿಡಿದರು.

"ಯಾರ ಕೂಗ್ತೀರಿ? ಡಾಕ್ಟರ್ ಸಾಹೇಬ್ರ, ಕಿಸೆದಾಗಿಂದ ಕೈ ತಗೀರಿ! ಮಾರ್ಟ್‌ಗೇಜ್ ನಾಳೆ ಕಟ್ಟೀರಂತ!" ಎಂದು ಮುಂದಿನ ಸಾಲಿನ ಡಾಕ್ಟರೊಬ್ಬರನ್ನು ಕೆಣಕಿದರು.

"ಅಂಕಲ್, ನನ್ನ ಮಗ ಯೂನಿವರ್ಸಿಟಿ ಸೇರ್ಯಾನ್ರೀ. ಹಾಲಿನ ಪುಡಿ ತಗೊಂಡು ಏನ ಮಾಡ್ಲಿ?"

"ಮೊಮ್ಮಕ್ಕಳಿಗೆ ಎತ್ತಿಡ್ರಿ!"

ನಗುವೋ ನಗು.

ಹಿಂದಿನ ಸಾಲಿನಲ್ಲಿ, ಕೂಸಿನ ತಳ್ಳುಗಾಡಿ ಹಿಡಿದು ಬಿಳಿಯ ಹುಡುಗಿಯೊಬ್ಬಳು ಕುಳಿತಿದ್ದಳು. ಹೊಸಮುಖ. ಪಕ್ಕದ ಎಸ್ತರ್ ಆಂಟಿಯನ್ನು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು: "ಇದಕ್ಕೆ ದುಡ್ಡು ಕೊಡಬೇಕಾ?"

"ಹೌದು ಡಾರ್ಲಿಂಗ್, ದೇವರ ಕೆಲಸಕ್ಕೆ! ನಾಚಿಕೋಬೇಡ, ಕೈ ಎತ್ತು!"

ಆಕೆ ಕೈ ಎತ್ತಲಿಲ್ಲ. ಮೂರನೆಯ ಕೂಗಿಗೆ ಡಬ್ಬಿ ಬೇರೊಬ್ಬರ ಪಾಲಾಯಿತು. ಚಪ್ಪಾಳೆ ನಿಂತಾಗ ತಿರುಗಿ ನೋಡಿದೆ. ಹಿಂದಿನ ಸಾಲು ಖಾಲಿ.

ವಿಕರ್ ಬಂದವರೇ ಕೇಳಿದರು: "ಆ ತಾಯಿ ಎಲ್ಲಿ? ಹಾಲಿನ ಪುಡಿ ತರಿಸಿದ್ದೇ ಅವಳಿಗಾಗಿ. ಬಸ್ ಸ್ಟಾಪಿನಲ್ಲಿ ಕಂಡಾಗಲೆಲ್ಲ ಕರೆದು ಕರೆದು, ಇವತ್ತು ಬಂದಿದ್ದಳು."

ರಸ್ತೆಗೆ ಓಡಿದೆವು. ಬಸ್ ಹೋಗಿತ್ತು. ಆಕೆಯ ವಿಳಾಸ ವಿಕರ್ ಬಳಿಯೂ ಇರಲಿಲ್ಲ.

ಸ್ಯಾಮ್ ಅಂಕಲ್ ಬೆಂಚಿನ ಮೇಲೆ ಕುಸಿದರು. "ನಮ್ಮ ಊರಾಗ ಹಿಂಗ ಮಾಡ್ತೀವಲ್ರೀ..."

ಮಿಷನ್ ಎಂದರೇನು? ನನ್ನ ಮುತ್ತಜ್ಜ ಬೈಬಲ್ ಮುಟ್ಟುವ ಮೊದಲು ಮಿಷನ್ ಆಸ್ಪತ್ರೆಯ ಗಂಜಿ ಕುಡಿದವರು. ಉಂಡೆಯಾ ಎಂದು ಅವರನ್ನು ಯಾರೋ ಮೊದಲು ಕೇಳಿದ್ದರು. ನಾವು ಕೇಳಲಿಲ್ಲ. ಇನ್ನು ಮುಂದೆ ಕೇಳುತ್ತೇವೆ ಎಂಬ ಭರವಸೆಯೂ ನನಗಿಲ್ಲ. ಹರಾಜಿನಲ್ಲಿ ಕೊಂಡ ಡಬ್ಬಿಗಳನ್ನು ಎಲ್ಲರೂ ಹಿಂದಿರುಗಿಸಿದರು. ಹಣ ನಿಧಿಯಲ್ಲೇ ಉಳಿಯಿತು. ಅದರಿಂದ ಕರಪತ್ರಗಳು ಅಚ್ಚಾಗುತ್ತಿವೆ: "ಎಲ್ಲರಿಗೂ ಸ್ವಾಗತ." ಮನೆಮನೆಗೆ ಹಂಚುವವರ ಸರದಿ ಪಟ್ಟಿಯಲ್ಲಿ ನನ್ನ ಹೆಸರಿದೆ.

ಮೇಲ್ಕಂಡ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ದಯಮಾಡಿ ತಿದ್ದಿಕೊಡಬೇಕಾಗಿ ಕೋರುತ್ತೇನೆ. ಒಂದು ಸಂದೇಹವನ್ನೂ ಪರಿಹರಿಸಬೇಕು: ನಾನು ತಟ್ಟಿದ ಬಾಗಿಲನ್ನು ಅದೇ ತಾಯಿ ತೆರೆದರೆ, ಯಾವ ಸುವಾರ್ತೆ ಹೇಳಲಿ?