ತುಳಸಿಕಟ್ಟೆ ಇಲ್ಲದ ಮನೆ

ನಾನು ದುಃಖಿಯೆಂಬ ಸಂಗತಿ ನನಗೆ ತಿಳಿದದ್ದು ಮಗಳ ಟೀಚರ್ ಬಾಯಿಂದ. ಸ್ವೀಡನ್ನಿನ ಎಸ್ಕಿಲ್‌ಸ್ಟುನಾದ ಶಾಲೆಗೆ ಪೋಷಕರ ಭೇಟಿಗೆಂದು ಹೋಗಿದ್ದೆ. ಆಕೆ ಕಾಫಿ ಕೊಟ್ಟು, ಮರುಕದಿಂದ ನೋಡಿ, "ಇಲ್ಲಿ ಬದುಕುವುದು ನಿಮಗೆ ಎಷ್ಟು ಕಷ್ಟವೋ!" ಎಂದರು. ಮಣ್ಣೆತ್ತುವ ಯಂತ್ರಗಳಿಗೆ ಗೇರ್‌ಬಾಕ್ಸ್ ವಿನ್ಯಾಸ ಮಾಡುತ್ತ, ಮೂರು ಹೊತ್ತೂ ಚೆನ್ನಾಗಿ ತಿಂದುಕೊಂಡಿರುವ ನನಗೆ ಗಾಬರಿಯಾಯಿತು. ಪಕ್ಕದಲ್ಲಿ ಕೂತ ಮಗಳು ನಾಜಿಯಾ ತನ್ನ ಬೂಟು ನೋಡುತ್ತಿದ್ದಳು.

ವಿಷಯ ಇಷ್ಟೇ. ಹದಿನೈದರ ನಾಜಿಯಾ ತರಗತಿಗೆ 'ಬೇರುಗಳು' ಎಂಬ ವಿಷಯದ ಮೇಲೆ ಕಥೆ ಬರೆದಿದ್ದಳು. ಅದರಲ್ಲಿ ಅಪ್ಪ ಕಿಟಕಿಯ ಬಳಿ ನಿಂತು, ಹಿಮ ನೋಡುತ್ತ, ಮಾವಿನಹಣ್ಣು ನೆನೆದು ಕಣ್ಣೀರಿಡುತ್ತಾನೆ. ಊರಿನಲ್ಲಿ ಅವನ ತಾಯಿ ತುಳಸಿಕಟ್ಟೆಗೆ ದೀಪ ಹಚ್ಚುತ್ತಾಳೆ. ನಾನು ಕಿಟಕಿಯ ಬಳಿ ನಿಲ್ಲುವುದು ಬಸ್ಸು ಬಂತೇ ಎಂದು ನೋಡಲು. ಇನ್ನು ತುಳಸಿಕಟ್ಟೆ! ದಾವಣಗೆರೆಯಲ್ಲಿ ಐದು ಹೊತ್ತು ನಮಾಜು ಮಾಡುವ ನಮ್ಮ ಅಮ್ಮಿ ಇದನ್ನು ಓದಿದ್ದರೆ, ಆ ಮುದುಕಿ ಯಾರೆಂದು ನನ್ನನ್ನೇ ಕೇಳುತ್ತಿದ್ದಳು.

ವಲಸೆ ಹೋದ ಭಾರತೀಯರ ಇಂಗ್ಲಿಷ್ ಕಾದಂಬರಿಗಳನ್ನು ನಾನೂ ಕೆಲವು ಓದಿದ್ದೇನೆ. ಬಿಳಿಯರು ದೇಶ ಬಿಟ್ಟು ಎಷ್ಟೋ ಕಾಲವಾದರೂ ಅವರನ್ನು ಒಳಗೆ ಕರೆದು ನಮ್ಮ ಮನೆಯ ಮೂಲೆಮೂಲೆ ತೋರಿಸುವ ಉಪಚಾರ ಮಾತ್ರ ನಿಂತಿಲ್ಲ. ಪುಸ್ತಕದಿಂದ ಪುಸ್ತಕಕ್ಕೆ ಮನೆಯೂ ಹೆಚ್ಚುಕಡಿಮೆ ಒಂದೇ, ಬಾಡಿಗೆದಾರರಷ್ಟೇ ಬೇರೆ. ಪರದೇಶದಲ್ಲಿ ಅನ್ಯನಾಗಿ ಕೊರಗುವುದಕ್ಕೂ ಅಲ್ಲೊಂದು ಪದ್ಧತಿಯಿದೆ. ತುಳಸಿಕಟ್ಟೆಯಿಲ್ಲದ ನಮ್ಮಂಥವರು ಆ ಕೊರಗಿಗೂ ಹೊರಗಿನವರು.

ನಿಜ ಹೇಳಿದರೆ ಟೀಚರ್ ಎದುರು ಮಗಳು ಸುಳ್ಳಿಯಾಗುತ್ತಾಳೆ. ಆದ್ದರಿಂದ ಆದಷ್ಟು ಸಪ್ಪೆ ಮುಖ ಮಾಡಿಕೊಂಡು ಕಾಫಿ ಮುಗಿಸಿ ಎದ್ದೆ.

ಮನೆಗೆ ನಡೆಯುವಾಗ ಕೇಳಿದೆ. "ತುಳಸಿಕಟ್ಟೆ ಎಲ್ಲಿಂದ ಬಂತಮ್ಮಾ?"

"ಲೈಬ್ರರಿ ಬುಕ್ಸಿಂದ, ಪಪ್ಪಾ. ನಮ್ಮ ಹೆಸರು ಹಾಕಿದ್ರೆ ಎಲ್ಲಾರೂ ಯಾವ ವಾರ್, ಯಾಕೆ ಓಡಿ ಬಂದ್ರಿ ಅಂತಾರೆ. ನಾವು ಓಡಿ ಬಂದಿಲ್ವಲ್ಲ, ಜಾಬಿಗೆ ಬಂದ್ವಿ." ದಾರಿಯ ಕಲ್ಲೊಂದನ್ನು ಬೂಟಿನಿಂದ ಒದ್ದಳು. "ಮತ್ತೆ, ನೀವು ಬೆಳೆದ ಮನೆ ಮುಂದೆ ಏನಿತ್ತು ಅಂತ ನಂಗೆ ಗೊತ್ತೇ ಇಲ್ಲ. ನೀವು ಹೇಳಿಲ್ಲ."

ನನಗೆ ನಿಜಕ್ಕೂ ನಾಚಿಕೆಯಾಯಿತು. ಸದಾ ಊರನ್ನು ನೆನೆದು ಕೊರಗುವ ಅಪ್ಪನಾಗಬಾರದೆಂಬ ಹಟದಲ್ಲಿ ಊರಿನ ಮಾತನ್ನೇ ಬಿಟ್ಟುಬಿಟ್ಟಿದ್ದೆ. ಮಾಡಿದ್ದುಣ್ಣೋ ಮಹಾರಾಯ. ಖಾಲಿ ಬಿದ್ದಿದ್ದ ಅಂಗಳದಲ್ಲಿ ಮಗು ಕೈಗೆ ಸಿಕ್ಕಿದ್ದನ್ನು ನೆಟ್ಟಿತ್ತು.

"ಕೆಟ್ಟು ನಿಂತ ಸ್ಕೂಟರ್ ಇತ್ತು," ಎಂದೆ. "ಅದರ ಡಿಕ್ಕಿಯಲ್ಲಿ ಕೋಳಿ ಮೊಟ್ಟೆ ಇಡ್ತಿತ್ತು. ಅಮ್ಮಿ ದಿನಾ ಬೆಳಿಗ್ಗೆ ಕೈಹಾಕಿ ತಗೊಂಡು ಆಮ್ಲೆಟ್ ಮಾಡೋಳು."

"ಪಪ್ಪಾ, ಇದು ಯಾವ ಬುಕ್ಕಿಂದು?"

ಸಾಕ್ಷಿಗೆಂದು ಅಲ್ಲೇ ನಿಂತು ಅಮ್ಮಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಸ್ಕೂಟರಿನ ಮೊಟ್ಟೆಯ ಬಗ್ಗೆ ಕೇಳಿದೆ.

"ಮೊಟ್ಟೆ ಖರೇನೇ ಬೇಟಿ," ಎಂದಳು ಅಮ್ಮಿ. "ಗಾಡಿ ಹೆಂಗ್ ಕೆಟ್ತು ಅಂತ ಹೇಳಿದ್ನಾ ನಿಮ್ಮ ಇಂಜಿನಿಯರ್ರು? ರಿಪೇರಿ ಮಾಡ್ತೀನಂತ ಎಲ್ಲಾ ಬಿಚ್ಚಿ ಹರವಿದ್ದ. ಜೋಡ್ಸಾಕ್ ಬರ್ಲಿಲ್ಲ."

ನಾಜಿಯಾ ರಸ್ತೆಯಲ್ಲೇ ಬಿದ್ದು ಬಿದ್ದು ನಕ್ಕಳು. ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡು, ಸ್ಪೀಕರ್ ಆರಿಸಿ, "ಮತ್ತೆ, ದಾದಿ? ಇನ್ನೇನಿತ್ತು?" ಎಂದು ಅಜ್ಜಿಯನ್ನು ಕೇಳುತ್ತ ಮುಂದೆ ನಡೆದಳು. ನನ್ನದೇ ಮನೆಯ ಸುದ್ದಿ ಒಂದಿಷ್ಟಾದರೂ ಕಿವಿಗೆ ಬೀಳಲೆಂದು ನಾನು ಅವಳ ಹಿಂದೆ ಬೇಗಬೇಗ ಹೆಜ್ಜೆ ಹಾಕಿದೆ.